ಡೇನಿಷ್ ಮತ್ತು ಖ್ಮೇರ್: ನಂಟು ಯಾವುದು, ಎರವಲು ಯಾವುದು?

ಸಂಸ್ಕೃತವನ್ನು ಬಲ್ಲ ವಿದ್ಯಾರ್ಥಿಯ ಮುಂದೆ ಡೇನಿಷ್ ಮತ್ತು ಖ್ಮೇರ್ ಭಾಷೆಗಳ ಪದಪಟ್ಟಿಗಳನ್ನಿರಿಸಿ, ಇವೆರಡರಲ್ಲಿ ಸಂಸ್ಕೃತದ ಬಂಧು ಯಾವುದೆಂದು ಕೇಳಿದರೆ, ಅವನು ಖ್ಮೇರನ್ನೇ ತೋರಿಸುವ ಸಂಭವವುಂಟು. ನಗರ, ಗುರು, ಭಾಷಾ, ದೇವತಾ, ನಾರೀ ಮೊದಲಾದ ಶಬ್ದಗಳು ಅಲ್ಲಿ ಧಾರಾಳವಾಗಿವೆ. ಲಿಪಿಯೂ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ ಬೆಳೆದುದು. ಬ್ರಾಹ್ಮಿಯ ಮೂಲಕ ಕನ್ನಡ ಲಿಪಿಗೂ ದೂರದ ದಾಯಾದಿ. ಆದರೂ ಉತ್ತರ ತಪ್ಪು.

ಡೇನಿಷ್ ಇಂಡೋ-ಯೂರೋಪಿಯನ್ ಕುಟುಂಬದ ಜರ್ಮಾನಿಕ್ ಶಾಖೆಗೆ ಸೇರಿದುದು. ಅದರ 'ತ್ರೆ', 'ಫೋದ್', 'ತಾಂದ್' ಎಂಬ ಪದಗಳನ್ನು (ಇಲ್ಲಿ ಬರೆಹದ ರೂಪವನ್ನು ಅನುಸರಿಸಿದೆ) ಸಂಸ್ಕೃತದ ತ್ರಿ, ಪಾದ, ದಂತಗಳೊಡನೆ ಹೋಲಿಸಬಹುದು. ಪಕಾರಕ್ಕೆ ಫಕಾರ, ದಕಾರಕ್ಕೆ ತಕಾರ ಬಂದಿರುವುದು ಆಕಸ್ಮಿಕವಲ್ಲ, ನಿಯಮಬದ್ಧ. ಜರ್ಮಾನಿಕ್ ಭಾಷೆಗಳ ಈ ವ್ಯಂಜನ ಸಂವಾದಗಳನ್ನು ಗ್ರೀಕ್ ಮತ್ತು ಲ್ಯಾಟಿನ್‌ಗಳ ಹೋಲಿಕೆಯಿಂದ 1818ರಲ್ಲಿ ಪ್ರಕಟಿಸಿದವನು ಡೆನ್ಮಾರ್ಕಿನ ರಾಸ್ಮುಸ್ ರಾಸ್ಕನೇ. 1822ರಲ್ಲಿ ಅವಕ್ಕೆ ವ್ಯವಸ್ಥಿತ ರೂಪ ಕೊಟ್ಟ ಗ್ರಿಮ್ಮನ ಹೆಸರು ಮಾತ್ರ ನಿಯಮಕ್ಕೆ ಅಂಟಿಕೊಂಡಿತು.

ಖ್ಮೇರ್ ಆಸ್ಟ್ರೋ-ಏಷ್ಯಾಟಿಕ್ ಕುಟುಂಬದ್ದು. ನಗರ, ಗುರುಗಳು ಎರವಲು ಬರಬಲ್ಲವು. ಕೆಳಗಿನ ಸಂಖ್ಯೆಗಳು ಅಷ್ಟು ಸುಲಭವಾಗಿ ಬಾರವು. ಎರಡು, ಮೂರು, ನಾಲ್ಕಕ್ಕೆ ಖ್ಮೇರಿನಲ್ಲಿ 'ಪೀ', 'ಬೇಯ್', 'ಬುವನ್' ಎಂಬ ರೂಪಗಳಿವೆ. ನಮ್ಮ ದೇಶದ ಸಂತಾಲಿಯಲ್ಲಿ 'ಬಾರ್', 'ಪೆ', 'ಪೊನ್' ಎನ್ನುತ್ತಾರೆ. ಅಂಗ್ಕೋರಿನ ಶಿಲ್ಪಿಗಳ ನುಡಿಗೆ ನಂಟರನ್ನು ಅರಸುವವರು ಕಾಶಿಗಲ್ಲ, ಛೋಟಾನಾಗಪುರಕ್ಕೆ ಬರಬೇಕು! ಆರಕ್ಕೆ ಖ್ಮೇರರು 'ಐದು-ಒಂದು', ಏಳಕ್ಕೆ 'ಐದು-ಎರಡು' ಎಂದು ಎಣಿಸುತ್ತಾರೆ. ಡೇನರ ಎಣಿಕೆಯೂ ವಿಚಿತ್ರವೇ: ಅವರ ಐವತ್ತು ಮೂಲತಃ 'ಎರಡೂವರೆ ಇಪ್ಪತ್ತು'.

ಕನ್ನಡಿಗರಿಗೆ ಈ ಪ್ರಶ್ನೆ ಹೊಸದಲ್ಲ. ಸಂಸ್ಕೃತ ಶಬ್ದಗಳ ಬಾಹುಳ್ಯವನ್ನು ಕಂಡು ನಮ್ಮ ನುಡಿಗಳನ್ನೂ ಸಂಸ್ಕೃತಜನ್ಯವೆಂದು ಭಾವಿಸಿದ್ದುಂಟು. 1816ರಲ್ಲಿ ಎಲ್ಲಿಸ್, 1856ರಲ್ಲಿ ಕಾಲ್ಡ್‌ವೆಲ್ ಈ ಭ್ರಮೆಯನ್ನು ಒಡೆದರು. ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದ ಶ್ರೀರಾಮಪುರ ಆಗ ಡೇನರ ಆಡಳಿತದಲ್ಲಿತ್ತೆಂಬುದನ್ನು ಪ್ರಸಂಗವಶಾತ್ ಹೇಳಬಹುದು.

ಡೇನಿಷನ್ನು ಸುಮಾರು ಅರುವತ್ತು ಲಕ್ಷ ಜನ ಆಡುತ್ತಾರೆ. ಜರ್ಮನಿಯ ದಕ್ಷಿಣ ಶ್ಲೆಸ್ವಿಗ್‌ನಲ್ಲಿಯೂ ಡೇನಿಷ್ ಅಲ್ಪಸಂಖ್ಯಾತರಿದ್ದಾರೆ. ಗ್ರೀನ್‌ಲೆಂಡಿನಲ್ಲಿ 2009ರಿಂದ ಗ್ರೀನ್‌ಲೆಂಡಿಕ್ ಒಂದೇ ಅಧಿಕೃತ ಭಾಷೆಯಾಗಿದ್ದರೂ ಡೇನಿಷಿನ ಬಳಕೆ ಅಳಿದಿಲ್ಲ. ಖ್ಮೇರಿನ ನೆಲೆ ಕಾಂಬೋಡಿಯ, ವಿಯೆಟ್ನಾಮಿನ ಮೆಕಾಂಗ್ ಮುಖಜಭೂಮಿ, ಥಾಯ್ಲೆಂಡಿನ ಸುರಿನ್, ಬುರಿರಾಮ್ ಪ್ರಾಂತಗಳು.

ಎರಡರಲ್ಲಿಯೂ ಬರೆಹಕ್ಕೂ ಉಚ್ಚಾರಕ್ಕೂ ಬಹಳ ಅಂತರವಿದೆ. ಡೇನಿಷಿನಲ್ಲಿ 'ಅವಳು' ಮತ್ತು 'ನಾಯಿ' ಎಂಬ ಪದಗಳೆರಡೂ 'ಹುನ್' ಎಂದೇ ಕೇಳಿಸುತ್ತವೆ. ಎರಡನೆಯದರಲ್ಲಿ ಗಂಟಲನ್ನು ಕ್ಷಣಮಾತ್ರ ಬಿಗಿಯುವುದೊಂದೇ ಭೇದ. ಖ್ಮೇರಿನಲ್ಲಿ ಗಕಾರವು ಕಕಾರವಾಗಿ, ಗುರು 'ಕ್ರೂ' ಆಗಿದ್ದಾನೆ. ಬರೆಹದಲ್ಲಿ ಮಾತ್ರ ಕ, ಗ ಎಂಬ ಎರಡು ಅಕ್ಷರಗಳೂ ಉಳಿದಿವೆ. ಇವು ಈಗ ಸೂಚಿಸುವುದು ವ್ಯಂಜನದ ಭೇದವನ್ನಲ್ಲ, ಅದರ ಮುಂದಿನ ಸ್ವರದ ಭೇದವನ್ನು.