ಮನೆಯ ರೂಟರೂ ಅಂತರ್ಜಾಲದ ವೇಗವೂ

ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಬರೆದ ಲೇಖನವೆಂದರೆ ಅದು ಶಿಸ್ತನ್ನೋ ನಡತೆಯನ್ನೋ ಕುರಿತೇ ಇರುವದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರು ಎಣಿಸಿರಬಹುದು. ಈ ಸಲ ನಾವು ಬರೆಯಹೊರಟಿರುವದು ಮನೆಯ ಮೂಲೆಯಲ್ಲಿ ದೀಪ ಮಿನುಗಿಸುತ್ತ ಕೂತಿರುವ ರೂಟರೆಂಬ ಸಣ್ಣ ಪೆಟ್ಟಿಗೆಯ ವಿಷಯ. ಇದಕ್ಕೆ ಕಾರಣವುಂಟು, ಅದರಲ್ಲಿ ನಮ್ಮದೇ ಒಂದು ತಪ್ಪೂ ಸೇರಿದೆ.

2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಅಂತರ್ಜಾಲದ ಮೂಲಕ ನಡೆಯುತ್ತಿದ್ದಾಗ, ಒಂಬತ್ತನೆಯ ತರಗತಿಯ ಒಬ್ಬ ಬಾಲಿಕೆಯು ಪಾಠದ ನಡುವೆ ಪದೇಪದೇ ಕಾಣದೆ ಹೋಗುತ್ತಿದ್ದಳು. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಮುಖವು ಗೋಡೆಯ ಪಟದಂತೆ ನಿಶ್ಚಲವಾಗಿರುವದು, ಮರುಕ್ಷಣ ಅದೂ ಇಲ್ಲ. ಇದು ಅಲಕ್ಷ್ಯವೆಂದೇ ತಿಳಿದು ನಾವು ಅವಳನ್ನು ಎಲ್ಲರೆದುರು ಗದರಿಸಿದೆವು. ತಂದೆಯವರಿಗೂ ಹೇಳಿ ಕಳುಹಿಸಿದೆವು. ಅವರು ಪಾಪ, ತಿಂಗಳಿಗೆ ಹೆಚ್ಚು ಹಣ ತೆತ್ತು ಸೆಕೆಂಡಿಗೆ 50 ಮೆಗಾಬಿಟ್ಟಿನ ಸಂಪರ್ಕವನ್ನು 100ಕ್ಕೆ ಏರಿಸಿದರು. ಫಲವೇನೂ ಆಗಲಿಲ್ಲ. ಓಡಾಟಕ್ಕೆ ಅಪ್ಪಣೆಯಾದ ಮೇಲೆ, ಈಗ ಇಂಜಿನಿಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಅವರ ಮನೆಗೆ ಹೋಗಿ ನೋಡಲಾಗಿ, ರೂಟರು ಚಾವಡಿಯಲ್ಲಿ ಉಕ್ಕಿನ ಬೀರುವಿನ ಹಿಂದೆ ಇತ್ತು. ಹುಡುಗಿಯು ಓದುತ್ತಿದ್ದ ಕೋಣೆಯು ಎರಡು ಮುರಕಲ್ಲಿನ ಗೋಡೆಗಳ ಆಚೆ. ರೂಟರಿಗೆ ತಂತಿ ಹಚ್ಚಿ ಅಳೆದರೆ ಸಂಪರ್ಕವು ಪೂರ್ತಿ ವೇಗದಲ್ಲಿಯೇ ಇತ್ತು. ಹುಡುಗಿಯ ಮೇಜಿನ ಬಳಿ 3 ಮೆಗಾಬಿಟ್ಟೂ ಇರಲಿಲ್ಲ. ಪೆಟ್ಟಿಗೆಯನ್ನು ನಡುಕೋಣೆಯ ಎತ್ತರದ ಹಲಗೆಗೆ ಸರಿಸಿದ ಮೇಲೆ ಅವಳು ಪಾಠದಲ್ಲಿ ಕಾಣದೆ ಹೋದದ್ದಿಲ್ಲ. ನಾವು ಅವಳಲ್ಲಿಯೂ ಅವಳ ತಂದೆಯವರಲ್ಲಿಯೂ ಕ್ಷಮೆ ಬೇಡಿದೆವು.

ಕಂಪೆನಿಯಿಂದ ನಾವು ಕೊಳ್ಳುವ ವೇಗವು ಫೈಬರ್ ತಂತಿಯ ಮೂಲಕ ಮನೆಯ ಬಾಗಿಲ ತನಕ ಬರುವ ವೇಗ. ಅಲ್ಲಿಂದ ಮಗುವಿನ ಕೈಯಲ್ಲಿರುವ ಫೋನಿನ ವರೆಗೆ ಅದನ್ನು ಒಯ್ಯುವ ಕೆಲಸ ರೂಟರಿನದು. ಬೀದಿಯ ಕೊಳವೆಯಲ್ಲಿ ನೀರು ಎಷ್ಟೇ ರಭಸದಿಂದ ಬಂದರೂ ಮನೆಯೊಳಗಿನ ನಲ್ಲಿ ಸಣ್ಣದಾದರೆ ಕೊಡ ತುಂಬುವದು ನಲ್ಲಿಯ ಪ್ರಮಾಣಕ್ಕೇ. ಎಂಥ ಬೆಲೆಯುಳ್ಳ ರೂಟರಾದರೂ ಕೊಂಡ ವೇಗವನ್ನು ಹೆಚ್ಚಿಸಲಾರದು. ಬಂದುದನ್ನು ಉಳಿಸಿ ಒಪ್ಪಿಸಬಲ್ಲದು, ಇಲ್ಲವೆ ದಾರಿಯಲ್ಲಿ ಚೆಲ್ಲಬಲ್ಲದು. ಮೆಗಾಬಿಟ್ಟೂ ಮೆಗಾಬೈಟೂ ಒಂದೇ ಅಲ್ಲವೆಂಬದನ್ನು ಇಲ್ಲಿಯೇ ಹೇಳಿಬಿಡುವೆವು. 8 ಬಿಟ್ಟಿಗೆ ಒಂದು ಬೈಟು. ಆದಕಾರಣ 100 ಮೆಗಾಬಿಟ್ಟಿನ ಸಂಪರ್ಕದಲ್ಲಿ ಕಡತವು ಸೆಕೆಂಡಿಗೆ 12.5 ಮೆಗಾಬೈಟಿಗಿಂತ ಬೇಗ ಇಳಿಯದಿದ್ದರೆ ಅದು ಮೋಸವಲ್ಲ. ನಮ್ಮ ಗಣಿತದ ಅಧ್ಯಾಪಕಿಯರು ಇದನ್ನು ಲೆಕ್ಕವಾಗಿ ಕೊಟ್ಟರೆ ಚೆನ್ನು.

ರೂಟರಿನ ಹಿಂಬದಿಯಲ್ಲಿ ತಂತಿ ಸಿಕ್ಕಿಸುವ ಪೋರ್ಟುಗಳಿವೆ. ಅಗ್ಗದ ಅನೇಕ ರೂಟರುಗಳಲ್ಲಿ ಇವು ಸೆಕೆಂಡಿಗೆ 100 ಮೆಗಾಬಿಟ್ಟಿಗೆ ಮಾತ್ರ ತಕ್ಕವು. ಇಂಥದಕ್ಕೆ 200 ಅಥವಾ 300 ಮೆಗಾಬಿಟ್ಟಿನ ಸಂಪರ್ಕ ಕೊಟ್ಟರೂ ಅಳತೆಯಲ್ಲಿ ಕಾಣುವದು 94 ಅಥವಾ 95. ಮಿಕ್ಕುದಕ್ಕೆ ತೆತ್ತ ಹಣವು ತಿಂಗಳು ತಿಂಗಳೂ ನಷ್ಟ. ನಮ್ಮ ಶಾಲೆಯ ಕಚೇರಿಯಲ್ಲಿಯೇ ಎರಡು ವರ್ಷ ಹೀಗೆ ನಡೆಯಿತೆಂದು ಒಪ್ಪಿಕೊಳ್ಳಲು ನಮಗೆ ನಾಚಿಕೆಯಾಗುತ್ತದೆ. ಹೆಚ್ಚಿನ ವೇಗಕ್ಕೆ ಹಣ ಕೊಟ್ಟಿದ್ದರೂ ಯಾವ ಹೊತ್ತಿನಲ್ಲಿ ಅಳೆದರೂ ಮುಳ್ಳು 94ರ ಆಸುಪಾಸಿನಲ್ಲಿಯೇ ನಿಲ್ಲುವದಾದರೆ ಪೋರ್ಟನ್ನು ಸಂಶಯಿಸತಕ್ಕದ್ದು. ಗಿಗಾಬಿಟ್ ಪೋರ್ಟುಳ್ಳ ರೂಟರೇ ಇದಕ್ಕೆ ಮದ್ದು. ಆದರೆ ಕೊಳ್ಳುವ ಮುಂಚೆ ತಂತಿಯನ್ನೂ ಬದಲಿಸಿ ನೋಡುವದು ಒಳ್ಳೆಯದು. ಯಾಕಂದರೆ ಅದರೊಳಗಿನ ನಾಲ್ಕು ಜೋಡಿ ಎಳೆಗಳಲ್ಲಿ ಒಂದು ಕಡಿದಿದ್ದರೂ ವೇಗವು 100ಕ್ಕೆ ಇಳಿಯುವದುಂಟು.

ಇನ್ನು ತಂತಿಯಿಲ್ಲದ ದಾರಿ, ಅಂದರೆ ವೈಫೈ. ನಮ್ಮ ಮನೆಗಳ ರೂಟರುಗಳು ಸಾಮಾನ್ಯವಾಗಿ ಎರಡು ಬಗೆಯ ರೇಡಿಯೋ ಅಲೆಗಳನ್ನು ಬಳಸುತ್ತವೆ. 2.4 ಗಿಗಾಹರ್ಟ್ಸಿನ ಅಲೆಯು ದೂರ ಹೋಗಬಲ್ಲದು, ಗೋಡೆಯನ್ನೂ ಒಂದು ಮಟ್ಟಿಗೆ ದಾಟಬಲ್ಲದು. ಆದರೆ ಅದರಲ್ಲಿ ಒಂದಕ್ಕೊಂದು ತಗಲದ ಚಾನೆಲುಗಳು 1, 6, 11 ಎಂಬ ಮೂರೇ. ವಠಾರದಲ್ಲಿಯೋ ಬಹುಮಹಡಿಯ ಕಟ್ಟಡದಲ್ಲಿಯೋ ಹತ್ತಿಪ್ಪತ್ತು ಮನೆಗಳ ರೂಟರುಗಳು ಆ ಮೂರರಲ್ಲಿಯೇ ಸರದಿ ಕಾಯಬೇಕು. ಮೈಕ್ರೋವೇವ್ ಒಲೆಯ ಅಲೆಯೂ ಈ ನೆರೆಯದೇ ಆದುದರಿಂದ ಅಡಿಗೆಮನೆಯಲ್ಲಿ ಸಾರು ಬಿಸಿಯಾಗುವಾಗ ಪಕ್ಕದ ಕೋಣೆಯಲ್ಲಿ ಪಾಠ ತಡವರಿಸಿದರೆ ಆಶ್ಚರ್ಯವಿಲ್ಲ. 5 ಗಿಗಾಹರ್ಟ್ಸಿನ ಅಲೆಯಾದರೋ ವಿಶಾಲವಾದ ಹೆದ್ದಾರಿ. ವೇಗವೂ ಬಹಳ, ಗೊಂದಲವೂ ಕಡಿಮೆ. ಆದರೆ ದಪ್ಪ ಗೋಡೆಗೆ ಬೇಗನೆ ಸೋಲುತ್ತದೆ. ಹೀಗಿರಲಾಗಿ ರೂಟರಿರುವ ಕೋಣೆಯಲ್ಲಿ 5, ದೂರದ ಕೋಣೆಯಲ್ಲಿ 2.4 ಎಂಬದೇ ಸುಲಭವಾದ ನಿಯಮ. ಉಕ್ಕಿನ ಬೀರು, ಶೀತಕ ಪೆಟ್ಟಿಗೆ, ದೊಡ್ಡ ಕನ್ನಡಿ, ನೀರಿನ ತೊಟ್ಟಿ ಇವೆಲ್ಲ ಎರಡಕ್ಕೂ ಶತ್ರುಗಳು. ಕಂಪೆನಿಯ ಆಳು ತನಗೆ ತಂತಿ ಎಳೆಯಲು ಅನುಕೂಲವಾದ ಕಡೆ, ಅಂದರೆ ಬಾಗಿಲ ಮೂಲೆಯಲ್ಲಿ, ಪೆಟ್ಟಿಗೆಯನ್ನು ಜಡಿದು ಹೋಗುತ್ತಾನೆ. ಅದು ಅಲ್ಲಿಯೇ ಇರಬೇಕೆಂದು ಯಾವ ಶಾಸನವೂ ಇಲ್ಲ.

ಅಂಗಡಿಯಲ್ಲಿ ಪೆಟ್ಟಿಗೆಯ ಮೇಲೆ 1200 ಎಂದು ದೊಡ್ಡಕ್ಷರದಲ್ಲಿ ಅಚ್ಚಾಗಿರುವದನ್ನು ತಾವು ನೋಡಿರಬಹುದು. ಅದು ಹೆಚ್ಚಾಗಿ 2.4ರ 300ನ್ನೂ 5ರ 867ನ್ನೂ ಕೂಡಿ ಮೇಲಕ್ಕೆ ದುಂಡು ಮಾಡಿದ ಸಂಖ್ಯೆ. ಸಾಧಾರಣ ಫೋನು ಒಂದು ಹೊತ್ತಿಗೆ ಇವೆರಡರಲ್ಲಿ ಒಂದನ್ನೇ ಹಿಡಿಯುತ್ತದೆ. ಅದರಲ್ಲಿಯೂ ಅರ್ಧದಷ್ಟು ಕೈಗೆ ಬಂದರೆ ಚೆನ್ನಾಗಿಯೇ ಬಂತೆನ್ನಬೇಕು. ನಾವು ನೋಡತಕ್ಕದ್ದು ಈ ಸಂಖ್ಯೆಯನ್ನಲ್ಲ, ರೂಟರಿನ ತಲೆಮಾರನ್ನು. 2009ರಲ್ಲಿ ನಿಶ್ಚಯವಾದ ಕ್ರಮಕ್ಕೆ ವೈಫೈ 4 ಎಂದೂ, 2013ರದಕ್ಕೆ 5 ಎಂದೂ, 2019ರಿಂದ ಪ್ರಮಾಣಪತ್ರ ಕೊಡಲಾದುದಕ್ಕೆ 6 ಎಂದೂ, 2024ರದಕ್ಕೆ 7 ಎಂದೂ ಹೆಸರು. ಆರನೆಯದರ ಹೆಚ್ಚುಗಾರಿಕೆಯು ಒಂದೇ ಫೋನಿನ ವೇಗದಲ್ಲಿರುವದಕ್ಕಿಂತ, ಅನೇಕ ಫೋನುಗಳಿಗೆ ಒಟ್ಟಿಗೆ ಬಡಿಸುವ ಜಾಣತನದಲ್ಲಿದೆ. 100 ಮೆಗಾಬಿಟ್ಟಿನ ಸಂಪರ್ಕವೂ ನಾಲ್ಕೈದು ಫೋನುಗಳೂ ಉಳ್ಳ ಮನೆಗೆ ಗಿಗಾಬಿಟ್ ಪೋರ್ಟಿನ ವೈಫೈ 5 ರೂಟರು ಧಾರಾಳವಾಗಿ ಸಾಕೆಂದು ನಮ್ಮ ಅಭಿಪ್ರಾಯ. ಮಗಳ ಫೋನು ಹಳೆಯದಾಗಿ 2.4ನ್ನು ಮಾತ್ರ ಬಲ್ಲದಾದರೆ, ಏಳನೆಯ ತಲೆಮಾರಿನ ರೂಟರನ್ನು ತಂದಿಟ್ಟರೂ ಅದಕ್ಕೆ ಹೊಸ ಕಾಲು ಮೂಡುವದಿಲ್ಲ.

ಹಳೆಯ ರೂಟರಿನಲ್ಲಿ ಬೀಗದ ವಿಷಯವನ್ನೂ ಪರೀಕ್ಷಿಸಬೇಕು. ಗುಪ್ತಪದದ ಕ್ರಮವನ್ನು ವೆಪ್ ಅಥವಾ ಟಿಕಿಪ್ ಎಂಬ ಹಳೆಯ ಬಗೆಗಳಲ್ಲಿ ಬಿಟ್ಟಿದ್ದರೆ ಭದ್ರತೆ ಕೆಡುವದಲ್ಲದೆ, ವೇಗವೂ 54 ಮೆಗಾಬಿಟ್ಟಿನ ಮೇಲೆ ಏರದು.

ದೂರದ ಕೋಣೆಗೆಂದು ರಿಪೀಟರ್ ಎಂಬ ಸಣ್ಣ ಯಂತ್ರವನ್ನು ಅನೇಕರು ಕೊಳ್ಳುತ್ತಾರೆ. ಅದು ಕೇಳಿದ ಮಾತನ್ನು ಮರುನುಡಿಯುವ ಯಂತ್ರ. ಒಂದೇ ರೇಡಿಯೋವುಳ್ಳದಾದರೆ ಅದರ ಕಾಲವು ಕೇಳುವದಕ್ಕೂ ನುಡಿಯುವದಕ್ಕೂ ಹಂಚಿಹೋಗಿ ವೇಗವು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಅದನ್ನು ಅಲೆಯೇ ತಲುಪದ ಕೋಣೆಯಲ್ಲಿ ಇಡುವದಂತೂ ಕಿವಿ ಕೇಳದವನನ್ನು ದೂತನಾಗಿ ಕಳುಹಿಸಿದಂತೆ, ನಡುದಾರಿಯಲ್ಲಿಡಬೇಕು. ಮನೆ ಕಟ್ಟಿಸುವ ಹಳೆಯ ವಿದ್ಯಾರ್ಥಿನಿಯರು ವಿದ್ಯುತ್ತಿನ ಕೊಳವೆ ಹಾಕಿಸುವಾಗಲೇ ಓದುವ ಕೋಣೆಗೆ ಒಂದು ಜಾಲತಂತಿಯನ್ನೂ ಎಳೆಸಿದರೆ ಈ ತೊಡಕೇ ಇಲ್ಲ.

ಹೆಚ್ಚು ವೇಗದ ಸಂಪರ್ಕಕ್ಕೆ ಒಪ್ಪುವ ಮುಂಚೆ ಹೆತ್ತವರು ಒಂದು ಪರೀಕ್ಷೆ ಮಾಡಬೇಕೆಂದು ಬೇಡುವೆವು. ಲ್ಯಾಪ್‌ಟಾಪಿಗೆ ರೂಟರಿನಿಂದ ತಂತಿ ಹಚ್ಚಿ, ಮನೆಯ ಮಿಕ್ಕ ಫೋನುಗಳ ವೈಫೈ ಆರಿಸಿ ಅಳೆಯಿರಿ. ಆಮೇಲೆ ತಂತಿ ಕಿತ್ತು ಮಗುವಿನ ಮೇಜಿನ ಬಳಿ ಅಳೆಯಿರಿ. ಮೊದಲನೆಯದೇ ಕಡಿಮೆಯಾದರೆ ಪೋರ್ಟನ್ನೂ ತಂತಿಯನ್ನೂ ನೋಡಿ, ಅವು ಸರಿಯಾಗಿದ್ದರೆ ಕಂಪೆನಿಗೆ ದೂರು ಕೊಡಿರಿ. ಮೊದಲನೆಯದು ಪೂರ್ತಿಯಾಗಿದ್ದು ಎರಡನೆಯದು ಕುಗ್ಗಿದರೆ ಪೆಟ್ಟಿಗೆಯ ಜಾಗ ಬದಲಿಸಿರಿ. ತಂತಿಯಿಲ್ಲದವರಿಗಾಗಿ 10 ಮೀಟರಿನ ಒಂದನ್ನು ಶಾಲೆಯ ಕಚೇರಿಯಲ್ಲಿ ಇಡಿಸಿದ್ದೇವೆ. ಶನಿವಾರ ಪಾಠ ಮುಗಿದ ಮೇಲೆ ಎರವಲು ಒಯ್ಯಬಹುದು. ಸೋಮವಾರ ಪ್ರಾರ್ಥನೆಯ ಗಂಟೆಗೆ ಮುಂಚೆ ಹಿಂತಿರುಗಿಸತಕ್ಕದ್ದು.