ಗಟ್ಟಿಯಾಗಬಾರದ ಕಾಂಕ್ರೀಟು

ನೀರಿನ ಕೊಳವೆಗೋ ಕೇಬಲ್ಲಿಗೋ ರಸ್ತೆ ಅಗೆಯುತ್ತಾರೆ. ತೆಗೆದ ಮಣ್ಣನ್ನೇ ಮತ್ತೆ ತುಂಬಿ, ಮೇಲೆ ಟಾರು ಬಳಿದು ಹೋಗುತ್ತಾರೆ. ಮೊದಲ ಮಳೆಗೆ ಅಗೆದಷ್ಟೂ ಉದ್ದಕ್ಕೆ ರಸ್ತೆ ಕುಸಿದು ಕೂರುತ್ತದೆ. ಬೈಗುಳವೆಲ್ಲ ಟಾರಿಗೆ. ತಪ್ಪು ಬಹುಪಾಲು ಕೆಳಗಿನ ಮಣ್ಣಿನದು.

ಮಣ್ಣು ತುಂಬುವುದೂ ಒಂದು ವಿದ್ಯೆಯೇ. ಒಂದು ಗೇಣಿಗಿಂತ ದಪ್ಪವಾಗದಂತೆ ಹರಡಿ, ಹದವಾಗಿ ನೀರು ಚಿಮುಕಿಸಿ, ದಿಮ್ಮಸು ಹಾಕಿ, ಆಮೇಲೆ ಮುಂದಿನ ಪದರ. ನೀರು ಕಡಿಮೆಯಾದರೆ ಕಣಗಳು ಒತ್ತಾಗಿ ಕೂರುವುದಿಲ್ಲ. ಹೆಚ್ಚಾದರೆ ಅವುಗಳ ಜಾಗವನ್ನು ನೀರೇ ಹಿಡಿದುಕೊಳ್ಳುತ್ತದೆ. ಈ ಹದ ಕಂಡುಕೊಳ್ಳುವ ಕ್ರಮವನ್ನು ಕ್ಯಾಲಿಫೋರ್ನಿಯಾದ ಎಂಜಿನಿಯರ್ ಪ್ರಾಕ್ಟರ್ 1933ರಲ್ಲೇ ತೋರಿಸಿಕೊಟ್ಟ. ಆದರೆ ಕೊಳವೆಯ ಹೊಟ್ಟೆಯಡಿಯ ಸಂದಿಗೆ ದಿಮ್ಮಸು ತಲುಪುವುದೇ ಕಷ್ಟ. ತಲುಪಿಸಲು ಆಳು ಕಂದಕಕ್ಕೆ ಇಳಿಯಬೇಕು. ಆಸರೆಯಿಲ್ಲದ ಗೋಡೆ ಜರಿದು ಮೈಮೇಲೆ ಬಿದ್ದರೆ? ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್ನಿಗೂ ಹೆಚ್ಚು ತೂಗುತ್ತದೆ.

ಕುಟ್ಟುವ ಬದಲು ಸುರಿದರಾಯಿತಲ್ಲ! ಅಮೆರಿಕದ ಬ್ಯೂರೋ ಆಫ್ ರಿಕ್ಲಮೇಷನ್ 1964ರಲ್ಲಿ ದಾಖಲಿಸಿದ್ದು ಇದನ್ನೇ. ಟೆಕ್ಸಾಸಿನ ವಾಯವ್ಯ ಭಾಗದಲ್ಲಿ ಕೆನೇಡಿಯನ್ ನದಿಯ ನೀರು ಸಾಗಿಸುವ ಕೊಳವೆಗೆ (ಹೆಸರು ಏನೇ ಇರಲಿ, ಈ ನದಿ ಕೆನಡಾದ್ದಲ್ಲ) 500 ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಹಾಸು ಬೇಕಿತ್ತು. ಅಲ್ಲೇ ಸಿಕ್ಕ ಗಾಳಿಮರಳಿಗೆ ಸಿಮೆಂಟು, ನೀರು ಬೆರೆಸಿ ಸುರಿದರು. ಪಾಳಿಯೊಂದಕ್ಕೆ 120 ಮೀಟರ್ ಸಾಗುತ್ತಿದ್ದ ಕೆಲಸ 305 ಮೀಟರಿಗೆ ಏರಿತು. ಹಾಸಿನ ಖರ್ಚು ಶೇಕಡಾ 40ರಷ್ಟು ಇಳಿಯಿತೆಂಬ ಅಂದಾಜು.

ಇಂದು ಇದಕ್ಕೆ 'ಫ್ಲೋಯಬಲ್ ಫಿಲ್' ಎಂಬ ಹೆಸರಿದೆ. ಮರಳು, ಹಾರುಬೂದಿ, ಧಾರಾಳ ನೀರು. ಸಿಮೆಂಟು ಘನ ಮೀಟರಿಗೆ ಸಾಮಾನ್ಯವಾಗಿ 30ರಿಂದ 120 ಕಿಲೋ. ಮನೆಯ ತಾರಸಿಯ ಕಾಂಕ್ರೀಟಿಗೆ 300 ಕಿಲೋ ಆಸುಪಾಸು ಬೇಕು. ಪರೀಕ್ಷೆ ಅಡುಗೆಮನೆಯದೇ ಅನ್ನಬಹುದು: 15 ಸೆಂಟಿಮೀಟರ್ ಎತ್ತರದ, ಎರಡೂ ಕಡೆ ಬಾಯಿರುವ ಕೊಳವೆಗೆ ತುಂಬಿ ಮೇಲೆತ್ತಿದರೆ, ಅದು ದೋಸೆಯಂತೆ ಕನಿಷ್ಠ 20 ಸೆಂಟಿಮೀಟರ್ ಅಗಲಕ್ಕೆ ಹರಡಬೇಕು. ಸುರಿದದ್ದು ತಾನೇ ಸಂದಿಗೊಂದಿ ಹೊಕ್ಕು ಸಮವಾಗುತ್ತದೆ. ಮೂರರಿಂದ ಐದು ಗಂಟೆಯಲ್ಲಿ ಸಾಮಾನ್ಯವಾಗಿ ಮನುಷ್ಯನ ಭಾರ ತಾಳುತ್ತದೆ. ಕಂದಕಕ್ಕೆ ಯಾರೂ ಇಳಿಯಬೇಕಿಲ್ಲ.

ವಿಚಿತ್ರವೆಂದರೆ ಇಲ್ಲಿ ಬಲವೇ ದೋಷ. ಮೇಸ್ತ್ರಿ 'ಇನ್ನೊಂದು ಮೂಟೆ ಇರಲಿ' ಎಂದು ಉದಾರಿಯಾದರೆ ಕೆಲಸ ಕೆಟ್ಟಂತೆ. ಅಮೆರಿಕನ್ ಕಾಂಕ್ರೀಟ್ ಇನ್‌ಸ್ಟಿಟ್ಯೂಟ್ 28 ದಿನಗಳ ಬಲಕ್ಕೆ 8.3 ಮೆಗಾಪಾಸ್ಕಲ್ ಮೇಲ್ಮಿತಿ ಹಾಕಿದೆ. ಮತ್ತೆ ಅಗೆಯಬೇಕಾದ ಕಡೆ ಅಷ್ಟೂ ಕೂಡದು. ಗುದ್ದಲಿಗೆ ಬಗ್ಗಬೇಕೆಂದರೆ 0.3ರೊಳಗೆ, ಯಂತ್ರಕ್ಕಾದರೆ ಒಂದು, ಒಂದೂವರೆಯೊಳಗೆ ಇರುವುದು ಲೇಸು. ಹಾರುಬೂದಿ ಬೆರೆತಾಗ ತಿಂಗಳ ನಂತರವೂ ಬಲ ಏರುತ್ತಲೇ ಇರುವುದರಿಂದ 28 ದಿನದ ಲೆಕ್ಕವನ್ನಷ್ಟೇ ನಂಬಿ ಕೂರುವಂತಿಲ್ಲ.

ಬೂದಿಗಂತೂ ನಮ್ಮಲ್ಲಿ ಬರವಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಉರಿಯುತ್ತಿದೆ. ಬೂದಿಯನ್ನು ನಿರ್ಮಾಣಕ್ಕೆ ಬಳಸುವಂತೆ ಕೇಂದ್ರ ಸರ್ಕಾರ 1999ರಲ್ಲೇ ಅಧಿಸೂಚನೆ ಹೊರಡಿಸಿತು. ಆದರೆ ಪುಕ್ಕಟೆ ಮಣ್ಣಿನ ಮುಂದೆ ಈ ಮಿಶ್ರಣ ಟೆಂಡರಿನಲ್ಲಿ ದುಬಾರಿಯಾಗಿಯೇ ಕಾಣುತ್ತದೆ. ಕುಸಿದ ರಸ್ತೆಗೆ ಎರಡನೆಯ, ಮೂರನೆಯ ಬಾರಿ ಬಳಿಯುವ ಟಾರು ಅದೇ ಟೆಂಡರಿನಲ್ಲಿ ಇರುವುದಿಲ್ಲವಲ್ಲ!

ಸುರಿಯುವವರಿಗೂ ಒಂದು ಎಚ್ಚರ ಬೇಕು. ಗಟ್ಟಿಯಾಗುವ ತನಕ ಇದು ನೀರಿಗಿಂತ ಸುಮಾರು ಎರಡು ಪಟ್ಟು ಭಾರದ ದ್ರವ. ಖಾಲಿ ಕೊಳವೆ ಅದರಲ್ಲಿ ದೋಣಿಯ ಹಾಗೆ ತೇಲಿ ಮೇಲೆದ್ದುಬಿಡುತ್ತದೆ. ಅದಕ್ಕೇ ಕೊಳವೆಯ ಮೇಲೆ ಮರಳಿನ ಚೀಲ ಹೇರುತ್ತಾರೆ, ಇಲ್ಲವೇ ಕಟ್ಟಿ ಬಿಗಿಯುತ್ತಾರೆ. ಒಂದಿಷ್ಟು ಸುರಿದು, ಅದು ಬಿಗಿದುಕೊಂಡ ಮೇಲೆಯೇ ಉಳಿದದ್ದನ್ನು ಸುರಿಯುತ್ತಾರೆ.