ಮುಯ್ಯಿ ಪುಸ್ತಕದಲ್ಲಿ ಏನಿರುತ್ತೆ? ರಾಮಮೂರ್ತಿ ನಗರದ ಒಂದು ಮದುವೆ ಮನೆಯ ಏಳು ದಿನ

ರಾಮಮೂರ್ತಿ ನಗರ: ಮಾಘ ಮಾಸ ಬಂತು ಅಂದ್ರೆ ನಮ್ಮ ಏರಿಯಾದಲ್ಲಿ ಶಾಮಿಯಾನದವರಿಗೆ, ಹೂವಿನವರಿಗೆ, ಅಡುಗೆ ಕಂಟ್ರಾಕ್ಟರ್‌ಗಳಿಗೆ ಬಿಡುವಿಲ್ಲ. ಬೀದಿಗೊಂದು ಚಪ್ಪರ, ಮನೆಗೊಂದು ಲಗ್ನಪತ್ರಿಕೆ. ಈ ಸಲ ನಮ್ಮ ಮನೆಯಲ್ಲೇ ಮದುವೆ. ಅಕ್ಕನದು. ಪ್ರತಿಯೊಬ್ಬರಿಗೂ ಒಂದೊಂದು ಕೆಲಸ ಹಂಚುವಾಗ ಸೋದರಮಾವ ನನ್ನ ಕಡೆ ನೋಡಿ, "ಡಿಗ್ರಿ ಅಂತೂ ಮುಗಿಸ್ಲಿಲ್ಲ, ಪೇಪರ್‌ಗೆ ಬರೀತಾನಲ್ಲ, ಮುಯ್ಯಿ ಬರೆಯೋಕೆ ಇವನೇ ಕೂತ್ಕೊಳ್ಳಲಿ" ಅಂದ್ರು.

ಹಾಗೆ ಕೂತವನಿಗೆ ಗೊತ್ತಾಗಿದ್ದು ಇಷ್ಟು: ಊಟ, ಹೂವು, ಫೋಟೋ ಎಲ್ಲಾ ಒಂದು ದಿನದ್ದು. ಮುಯ್ಯಿ ಪುಸ್ತಕ ಮಾತ್ರ ಮೂವತ್ತು ವರ್ಷದ್ದು. ಅದರಲ್ಲಿ ಒಂದು ಹೆಸರು ತಪ್ಪಿದರೆ ಮನೆತನದ ಮರ್ಯಾದೆ ಹೋದಂಗೆ. ಹಾಗಾಗಿ ಈ ವಾರ ಆ ಪುಸ್ತಕದ ಬಗ್ಗೆಯೇ ಬರೀತಿದೀನಿ.

ಮುಯ್ಯಿ ಅಂದ್ರೆ ಏನು?

ಮದುವೆ, ಗೃಹಪ್ರವೇಶ, ನಾಮಕರಣ ಇಂಥ ಕಾರ್ಯಗಳಲ್ಲಿ ಬಂದವರು ಕೈಗೆ ಕೊಡುವ ಹಣಕ್ಕೆ, ವಸ್ತುವಿಗೆ ಮುಯ್ಯಿ ಅಂತಾರೆ. ಉಡುಗೊರೆ ಅಂದ್ರೆ ಕೊಟ್ಟು ಮರೆಯೋದು. ಮುಯ್ಯಿ ಮರೆಯೋದಲ್ಲ. ಇವತ್ತು ನಿಮ್ಮ ಮನೆಗೆ ನಾನು ಹಾಕಿದ್ದನ್ನ ನಾಳೆ ನನ್ನ ಮನೆ ಕಾರ್ಯಕ್ಕೆ ನೀವು ತಿರುಗಿ ಹಾಕಬೇಕು.

ಈ ಪದ ಹೊಲದಲ್ಲೂ ಇದೆ. ಹಳ್ಳಿಯಲ್ಲಿ "ಮುಯ್ಯಾಳು" ಅಂತಾರೆ. ಇವತ್ತು ನಿಮ್ಮ ಗದ್ದೆ ನಾಟಿಗೆ ನಮ್ಮ ಮನೆಯವರು ಬರ್ತಾರೆ, ನಾಡಿದ್ದು ನಮ್ಮ ಗದ್ದೆಗೆ ನಿಮ್ಮವರು ಬರಬೇಕು. ಕೂಲಿ ದುಡ್ಡಿಲ್ಲ, ಆಳಿಗೆ ಆಳು. ಜಗಳ ಆದಾಗ "ಮುಯ್ಯಿ ತೀರಿಸ್ಕೊಳ್ತೀನಿ" ಅನ್ನೋದೂ ಇದೇ ಮಾತು. ಒಳ್ಳೇದಾಗಲಿ ಕೆಟ್ಟದ್ದಾಗಲಿ, ಕೊಟ್ಟಿದ್ದು ವಾಪಸ್ ಬರುತ್ತೆ ಅನ್ನೋದು ಅದರ ಅರ್ಥ.

ನಮ್ಮ ಏರಿಯಾದಲ್ಲಿ ಕನ್ನಡದವರು, ತಮಿಳಿನವರು, ತೆಲುಗಿನವರು ಒಂದೇ ಗೋಡೆ ಹಂಚಿಕೊಂಡಿದ್ದಾರೆ. ತಮಿಳಿನವರು ಇದನ್ನೇ "ಮೊಯ್" ಅಂತಾರೆ. ತೆಲುಗಿನವರದ್ದು "ಚದಿವಿಂಪು", ಅಂದ್ರೆ ಕೊಟ್ಟವರ ಹೆಸರು, ಮೊತ್ತ ಓದಿ ಹೇಳೋದು. ತಮಿಳುನಾಡಿನ ಪುದುಕೋಟೆ, ತಂಜಾವೂರು ಕಡೆ ಮದುವೆ ಇಲ್ಲದಿದ್ದರೂ ಮುಯ್ಯಿ ಎತ್ತೋದಕ್ಕಂತಲೇ ಊಟ ಹಾಕ್ತಾರೆ, ಅದಕ್ಕೆ "ಮೊಯ್ ವಿರುಂದು" ಅಂತ ಹೆಸರು. ಬ್ಯಾಂಕಿನ ಸಾಲ ಸಿಗದ ಕಾಲದಲ್ಲಿ ಜನ ತಾವೇ ಕಟ್ಟಿಕೊಂಡ ಸಾಲದ ವ್ಯವಸ್ಥೆ ಅದು.

ಬುಧವಾರ: ಚಪ್ಪರ, ಅಂಟಿಕೊಂಡ ಹಾಳೆ

ಬೆಳಿಗ್ಗೆ ಸೋದರಮಾವ ಅತ್ತಿ ಕೊಂಬೆ ತಂದು ಹಾಲುಗಂಬ ನಿಲ್ಲಿಸಿದ್ರು. ಮಾವಿನ ಸೊಪ್ಪು, ಹೊಂಗೆ ಸೊಪ್ಪು, ಬಾಳೆಕಂದು ಎಲ್ಲಾ ಕೆ.ಆರ್. ಪುರ ಮಾರ್ಕೆಟ್ಟಿಂದ ಹಿಂದಿನ ರಾತ್ರಿಯೇ ಬಂದಿತ್ತು. ಹಳ್ಳಿಯಲ್ಲಾದರೆ ಇದಕ್ಕೆ ದುಡ್ಡಿಲ್ಲ, ಇಲ್ಲಿ ಸೊಪ್ಪಿಗೂ ರೇಟು.

ಹೊಸ ಮುಯ್ಯಿ ಪುಸ್ತಕಕ್ಕೆ ಅರಿಶಿನ ಕುಂಕುಮ ಇಡುವಾಗ ಹಳೇ ಪುಸ್ತಕಾನೂ ಪಕ್ಕ ಇಡೋದು ನಮ್ಮಲ್ಲಿ ಪದ್ಧತಿ. ಹಳೇದು 1997ರಲ್ಲಿ ಅಮ್ಮನ ಮದುವೆಗೆ ತಾತ ಬರೆಸಿದ್ದು. ತಾತ ದೂರವಾಣಿನಗರದ ಐಟಿಐನಲ್ಲಿ ಕೆಲಸಕ್ಕಿದ್ದವರು. 1948ರಲ್ಲಿ ಶುರುವಾದ ಆ ಫ್ಯಾಕ್ಟರಿಯಿಂದಲೇ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಲೆ ಉರಿದಿದೆ. ಪುಸ್ತಕ ತೆಗೆದರೆ ಅರ್ಧ ಹೆಸರಿನ ಮುಂದೆ "ಐಟಿಐ", ಕೆಲವಕ್ಕೆ "ಎನ್‌ಜಿಇಎಫ್", ಉಳಿದದ್ದು "ಕಲ್ಕೆರೆ", "ಹೊರಮಾವು", "ಕೌದೇನಹಳ್ಳಿ" ಅಂತ ಇದೆ. 11 ರೂಪಾಯಿ, 51 ರೂಪಾಯಿ, ಒಂದು ಸ್ಟೀಲ್ ಡಬರಿ, ಒಂದು ಗೋಡೆ ಗಡಿಯಾರ. ತಿರುಗಿ ಹಾಕಿದ ಹೆಸರಿಗೆಲ್ಲ ಅಮ್ಮ ಕೆಂಪು ಇಂಕಲ್ಲಿ ಗೀಟು ಹಾಕಿದ್ದಾರೆ.

ಕಾರ್ಡ್ ಹಂಚುವಾಗಲೇ ಈ ಪುಸ್ತಕ ನೋಡಿದ್ವಿ. ಆದರೆ ಕೊನೆಯ ಎರಡು ಹಾಳೆ ಎಣ್ಣೆ ಹಿಡಿದು ಅಂಟಿಕೊಂಡಿದ್ದು ಗೊತ್ತಾಗಿರಲಿಲ್ಲ. ಬುಧವಾರ ಅಮ್ಮ ಮೆಲ್ಲಗೆ ಬಿಡಿಸಿದಾಗ ಗೀಟಿಲ್ಲದ ಒಂದು ಸಾಲು ಸಿಕ್ತು: "ಟೈಲರ್, ಕೌದೇನಹಳ್ಳಿ, 501."

ಆ ಪುಸ್ತಕದಲ್ಲಿ ನೆಂಟರಲ್ಲದವರು ಹಾಕಿದ್ದರಲ್ಲಿ ಅದೇ ದೊಡ್ಡ ಮೊತ್ತ. 1997ರಲ್ಲಿ 10 ಗ್ರಾಂ ಚಿನ್ನ ಐದು ಸಾವಿರದೊಳಗೆ ಸಿಗ್ತಿತ್ತು. ಅಂದ್ರೆ ಆ ಟೈಲರ್ ಕೊಟ್ಟಿದ್ದು ಹೆಚ್ಚುಕಮ್ಮಿ ಒಂದು ಗ್ರಾಂ ಚಿನ್ನದ ಬೆಲೆ. ಈಗ ಒಂದು ಗ್ರಾಂಗೆ ಹತ್ತು ಸಾವಿರ ದಾಟಿದೆ. "ಅವರ ಮಗಳ ಮದುವೆ ಆಗಿದ್ದೇ ನಮಗೆ ಗೊತ್ತಾಗ್ಲಿಲ್ಲ. ಮನೆ ಖಾಲಿ ಮಾಡ್ಕೊಂಡು ಹೋಗಿಬಿಟ್ಟಿದ್ರು" ಅಂತ ಅಮ್ಮ ಚಪ್ಪರದ ಕೆಳಗೇ ಕೂತುಬಿಟ್ರು.

ಎಷ್ಟು ತಿರುಗಿ ಹಾಕಬೇಕು?

ಇದೇ ಎಲ್ಲರೂ ಕೇಳೋ ಪ್ರಶ್ನೆ. ಮನೆಯ ಹಿರಿಯರನ್ನ ಕೇಳಿದಾಗ ಸಿಕ್ಕ ಲೆಕ್ಕ ಹೀಗಿದೆ:

- ಮುಯ್ಯಿಗೆ ಬಡ್ಡಿ ಇಲ್ಲ, ಚಿನ್ನದ ರೇಟೂ ಹಿಡಿಯಲ್ಲ. ಆದರೆ ಹಾಕಿದ್ದಕ್ಕಿಂತ ಒಂದು ಹಿಡಿ ಹೆಚ್ಚು ಹಾಕಬೇಕು. ಅವರು 500 ಹಾಕಿದ್ದರೆ ನಾವು ಕೈಲಾದಷ್ಟು ಸೇರಿಸಿ ಹಾಕೋದು. ಹೆಚ್ಚಿಗೆ ಹಾಕಿದ್ದು ಅವರ ಮೇಲೆ ಹೊಸ ಮುಯ್ಯಿ.
- ಸುಮ್ಮನೆ ಒಂದು ದಿನ ಮನೆಗೆ ಹೋಗಿ "ತಗೊಳ್ಳಿ ನಿಮ್ಮ ದುಡ್ಡು" ಅನ್ನೋ ಹಾಗಿಲ್ಲ. ಅದು ಸಂಬಂಧ ಕಡಿದುಕೊಂಡ ಹಾಗೆ. ಅವರ ಮನೆಯಲ್ಲಿ ಕಾರ್ಯ ಆದಾಗಲೇ ಹಾಕಬೇಕು.
- ಬಾಯಿಬಿಟ್ಟು ಕೇಳೋ ಹಾಗಿಲ್ಲ. ಕೊಟ್ಟವರು ಜ್ಞಾಪಿಸಲ್ಲ, ತಗೊಂಡವರು ಮರೆಯಬಾರದು.
- 100ಕ್ಕೆ 101, 500ಕ್ಕೆ 501. ಸೊನ್ನೆಯಲ್ಲಿ ಮುಗಿದರೆ ಲೆಕ್ಕ ಮುಗಿದಂಗೆ, ಮೇಲೆ ಒಂದು ರೂಪಾಯಿ ಇದ್ದರೆ ಮುಂದುವರಿದಂಗೆ. ಕವರ್ ಮೇಲೆ ನಾಣ್ಯ ಅಂಟಿಸಿರೋದು ಇದಕ್ಕೇ.

ಗುರುವಾರ: ದಾರದ ಅಂಗಡಿಯಲ್ಲಿ ಸಿಕ್ಕ ಸುಳಿವು

ಟೈಲರ್ ಹುಡುಕೋ ಕೆಲಸವೂ ನನಗೇ ಬಂತು. ಕೌದೇನಹಳ್ಳಿಯಲ್ಲಿ ಹಳೇ ವಠಾರ ಇದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳ ನಾಲ್ಕು ಅಂತಸ್ತಿನ ಬಿಲ್ಡಿಂಗ್. ಯಾರಿಗೂ ಗೊತ್ತಿಲ್ಲ. ಆಮೇಲೆ ಹೊಳೀತು: ಟೈಲರ್ ಯಾರೇ ಆಗಲಿ ದಾರ, ಗುಂಡಿ, ಲೈನಿಂಗ್ ಬಟ್ಟೆ ತಗೊಳ್ಳೋಕೆ ಮ್ಯಾಚಿಂಗ್ ಸೆಂಟರ್‌ಗೆ ಬರಲೇಬೇಕು. ಮೂರನೇ ಅಂಗಡಿಯಲ್ಲಿ ಯಜಮಾನರು ಕನ್ನಡಕ ಏರಿಸಿ, "ಅವರು ತೀರಿಕೊಂಡು ಐದು ವರ್ಷ ಆಯ್ತಪ್ಪ. ಮಗಳು ಟಿ.ಸಿ. ಪಾಳ್ಯದಲ್ಲಿ ಬ್ಲೌಸ್ ಹೊಲೀತಾರೆ, ನಮ್ಮ ಹತ್ರಾನೇ ದಾರ ತಗೊಳ್ತಾರೆ" ಅಂದ್ರು.

ನಾನು ಕಾರ್ಡು, ಎಲೆ ಅಡಿಕೆ ಹಿಡ್ಕೊಂಡು ಹೋದೆ. ಅವರು ಮೆಷಿನ್ ನಿಲ್ಲಿಸಿ ಕಾರ್ಡ್ ಮೇಲಿನ ತಾತನ ಹೆಸರು ಎರಡು ಸಲ ಓದಿದ್ರು. ಐಟಿಐನಲ್ಲಿ ತಾತ ಇದ್ದ ಶಿಫ್ಟಿನವರ ಪ್ಯಾಂಟೆಲ್ಲಾ ಅವರಪ್ಪನೇ ಹೊಲೀತಿದ್ದರಂತೆ. "ಒಂದು ಸಲ ಅಪ್ಪನಿಗೆ ಹುಷಾರಿಲ್ಲದಾಗ ನಿಮ್ಮ ತಾತ ಎರಡು ತಿಂಗಳು ಮನೆಗೆ ಅಕ್ಕಿ ಕಳ್ಸಿದ್ರು. ನಮ್ಮಲ್ಲಿ ಮೊಯ್ ಅಂತೀವಿ. ಆ 501 ಆ ಅಕ್ಕಿಗೆ ಹಾಕಿದ್ದು" ಅಂದ್ರು.

ಅಂದ್ರೆ ಸಾಲ ನಮ್ಮದು ಅಂದುಕೊಂಡಿದ್ವಿ, ಅವರ ಲೆಕ್ಕದಲ್ಲಿ ಅದು ತೀರಿಸಿದ ಸಾಲ.

ಶುಕ್ರವಾರ: ಅರಿಶಿನ, ಬಳೆ

ಬಳೆ ಶಾಸ್ತ್ರಕ್ಕೆ ಬೀದಿಯ ಹೆಂಗಸರೆಲ್ಲ ಸೇರಿದ್ರು. ಎದುರು ಮನೆ ತೆಲುಗು ಆಂಟಿ ಅಕ್ಕನ ಕೆನ್ನೆಗೆ ಅರಿಶಿನ ಹಚ್ಚುತ್ತಾ ಹಾಡಿದ್ರು. ಅಪ್ಪ ಮಾತ್ರ ಅಡುಗೆ ಕಂಟ್ರಾಕ್ಟರ್ ಅಡ್ವಾನ್ಸ್ ಲೆಕ್ಕ ಹಾಕ್ತಾ ಮೂಲೆಯಲ್ಲಿ ಕೂತಿದ್ರು. ಬಹಳ ಮನೆಗಳಲ್ಲಿ ಹೀಗೇ. ಊಟದ ಬಾಕಿ ಮುಯ್ಯಿಯಿಂದ ಕಟ್ಟೋಣ ಅಂತ ಲೆಕ್ಕ ಹಾಕಿರ್ತಾರೆ. ಮುಯ್ಯಿ ಕಡಿಮೆ ಬಂದರೆ ಬಾಕಿಗೆ ಚೀಟಿ ಎತ್ತಬೇಕು, ಇಲ್ಲಾ ಒಡವೆ ಅಡ ಇಡಬೇಕು. ಹಾಕುವವರಿಗೂ ಇದು ಹಗುರ ಅಲ್ಲ. ಲಗ್ನದ ತಿಂಗಳಲ್ಲಿ ಐದು ಕಾರ್ಡ್ ಬಂದರೆ ಕೂಲಿ ಮಾಡುವ ಮನೆಯ ರೇಷನ್ ದುಡ್ಡು ಅಲ್ಲೇ ಹೋಗುತ್ತೆ. ಅದಕ್ಕೇ ಕೆಲವರು ಕಾರ್ಡ್‌ನಲ್ಲೇ "ಆಶೀರ್ವಾದವೇ ಉಡುಗೊರೆ" ಅಂತ ಅಚ್ಚು ಹಾಕಿಸ್ತಾರೆ. ಕುವೆಂಪು ಅವರ ಮಂತ್ರ ಮಾಂಗಲ್ಯದ ದಾರಿಯಲ್ಲಿ ಸರಳವಾಗಿ ಮದುವೆ ಆಗುವವರೂ ಇದ್ದಾರೆ.

ಶನಿವಾರ, ಭಾನುವಾರ: ಮೇಜಿನ ಹಿಂದೆ

ಆರತಕ್ಷತೆ, ಮಾರನೇ ದಿನ ಧಾರೆ. ಹುಡುಗನ ಕಡೆ ಮೇಜು ಬೇರೆ, ನಮ್ಮದು ಬೇರೆ. ಮುಂದೆ ಪುಸ್ತಕ, ಪಕ್ಕದಲ್ಲಿ ಕ್ಯೂಆರ್ ಕೋಡ್. ಒಟ್ಟು 312 ಹೆಸರು ಬರೆದೆ. ಎಲ್ಲರೂ ಆತುರದಲ್ಲಿ, ಊಟದ ಪಂಕ್ತಿ ಹಿಡೀಬೇಕು. "ಬರ್ಕೊಳಪ್ಪಾ, ನಿಂಗೆ ಗೊತ್ತಲ್ಲ ನಾನು ಯಾರು" ಅಂತ ಕವರ್ ಇಟ್ಟು ಹೋಗ್ತಾರೆ. ನನಗೆ ಗೊತ್ತಿರಲ್ಲ.

ಶನಿವಾರ ರಾತ್ರಿ ಒಂಬತ್ತಕ್ಕೆ ಟೈಲರ್ ಮಗಳು ಬಂದ್ರು. ಅಮ್ಮ ಸ್ಟೇಜ್ ಬಿಟ್ಟು ಇಳಿದು ಬಂದು ಅವರ ಕೈ ಹಿಡ್ಕೊಂಡ್ರು. ಇಬ್ಬರೂ ಏನು ಮಾತಾಡಿದ್ರೋ ವಾಲಗದ ಸದ್ದಲ್ಲಿ ಕೇಳಿಸಲಿಲ್ಲ.

ಸೋಮವಾರ: ಹೆಸರಿಲ್ಲದ ಹಣ

ಎಣಿಸೋ ದಿನ. ಮೊತ್ತ ತಾಳೆಯಾಯ್ತು, ಹೆಸರು ಆಗಲಿಲ್ಲ. ಏಳು ಕವರ್ ಮೇಲೆ ಹೆಸರೇ ಇಲ್ಲ. ಮೊಬೈಲ್‌ನಲ್ಲಿ ಬಂದ ಹನ್ನೆರಡು ಪೇಮೆಂಟ್ ಯಾರದ್ದು ಅಂತ ತಿಳೀಲಿಲ್ಲ, ಯಾಕಂದ್ರೆ ದುಡ್ಡು ಹಾಕಿದ್ದು ಮಗನ ಫೋನಿಂದ, ಕಾರ್ಡ್ ಕೊಟ್ಟಿದ್ದು ಅಪ್ಪನಿಗೆ. ರಾತ್ರಿವರೆಗೂ ಫೋನ್ ಮಾಡಿ ಹತ್ತೊಂಬತ್ತರಲ್ಲಿ ಹದಿನಾರು ಹೆಸರು ಪತ್ತೆ ಮಾಡಿದ್ವಿ. ಮೂರು ಉಳಿದಿವೆ. ಅಮ್ಮನಿಗೆ ಆ ಮೂರರದ್ದೇ ಚಿಂತೆ.

ಹಾಗಾಗಿ ಮುಂದೆ ಮೇಜಿನ ಹಿಂದೆ ಕೂರುವವರಿಗೆ ನನ್ನ ಅನುಭವದಿಂದ ನಾಲ್ಕು ಮಾತು:

- ಹೆಸರಿನ ಜೊತೆ ಊರು, ಯಾರ ಕಡೆಯವರು ಅಂತ ಬರೆಯಿರಿ. ಬರೀ ಹೆಸರಿದ್ದರೆ ಇಪ್ಪತ್ತು ವರ್ಷ ಆದಮೇಲೆ ಯಾರೆಂದು ತಿಳಿಯಲ್ಲ.
- ಕವರ್ ತಗೊಂಡ ತಕ್ಷಣ ಪುಸ್ತಕದ ಕ್ರಮಸಂಖ್ಯೆಯನ್ನ ಕವರ್ ಮೇಲೂ ಹಾಕಿ.
- ಕ್ಯೂಆರ್ ಇಟ್ಟರೆ ಸ್ಕ್ಯಾನ್ ಮಾಡಿದವರ ಎದುರಿಗೇ ಹೆಸರು ಕೇಳಿ ಬರೆಯಿರಿ. ಒಬ್ಬರೇ ಕೂರಬೇಡಿ, ಇಬ್ಬರು ಕೂರಿ.
- ಎರಡು ದಿನದೊಳಗೆ ಇಡೀ ಪುಸ್ತಕದ ಫೋಟೋ ತೆಗೆದಿಡಿ. ಹಾಳೆ ಅಂಟಿಕೊಂಡರೂ ಫೋಟೋ ಇರುತ್ತೆ.

ಕಾನೂನು ಏನು ಹೇಳುತ್ತೆ?

ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ: ಪಟ್ಟಿ ಬರೆದಿಡಬೇಕು ಅಂತ ಕಾನೂನೇ ಹೇಳುತ್ತೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮದ ಪ್ರಕಾರ ಹುಡುಗಿಗೆ ಬಂದ ಉಡುಗೊರೆಗಳ ಪಟ್ಟಿಯನ್ನ ಹುಡುಗಿ, ಹುಡುಗನಿಗೆ ಬಂದದ್ದರ ಪಟ್ಟಿಯನ್ನ ಹುಡುಗ ಇಟ್ಟುಕೊಳ್ಳಬೇಕು. ವಸ್ತು ಏನು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧಿಕರಾದರೆ ಏನು ಸಂಬಂಧ ಅಂತ ಬರೆದು ಇಬ್ಬರೂ ಸಹಿ ಹಾಕಬೇಕು. ನಾಳೆ ಏನಾದರೂ ತಕರಾರು ಬಂದರೆ ಹೆಣ್ಣುಮಗಳ ವಸ್ತು ಯಾವುದು ಅಂತ ತೋರಿಸೋಕೆ ಇದು ಆಧಾರ.

ಮದುವೆಯಲ್ಲಿ ಹುಡುಗ, ಹುಡುಗಿಗೆ ಬಂದ ಉಡುಗೊರೆಗೆ ಆದಾಯ ತೆರಿಗೆ ಇಲ್ಲ. ಆದರೆ ಈ ವಿನಾಯಿತಿ ಮದುವೆ ಆದವರಿಗೆ ಮಾತ್ರ. ಅಪ್ಪ, ಅಮ್ಮನ ಹೆಸರಿಗೆ ಸಂಬಂಧಿಕರಲ್ಲದವರಿಂದ ವರ್ಷಕ್ಕೆ ಒಟ್ಟು 50,000 ರೂಪಾಯಿ ದಾಟಿ ಬಂದರೆ ಅದು ತೆರಿಗೆ ಲೆಕ್ಕಕ್ಕೆ ಬರುತ್ತೆ.

ಅಂಗಡಿಯವರು, ಶಾಮಿಯಾನದವರು, ಅಡುಗೆ ಕಂಟ್ರಾಕ್ಟರ್‌ಗಳು ಗಮನಿಸಿ: 2017ರ ಏಪ್ರಿಲ್‌ನಿಂದ ಒಂದೇ ಸಮಾರಂಭದ ಬಾಬ್ತು ಒಬ್ಬರಿಂದ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತಗೊಳ್ಳೋ ಹಾಗಿಲ್ಲ. ಕಂತು ಕಂತಾಗಿ ತಗೊಂಡರೂ ಅಷ್ಟೇ. ದಂಡ ಬೀಳೋದು ಕೊಟ್ಟವರಿಗಲ್ಲ, ತಗೊಂಡವರಿಗೆ. ತಗೊಂಡಷ್ಟೇ ಮೊತ್ತ ದಂಡ ಬೀಳಬಹುದು.

ಮಂಗಳವಾರ: ಬೀಗರೂಟ

ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು. ಬೀಗರು ಉಂಡು ಹೋದಮೇಲೆ ಚಪ್ಪರದಲ್ಲಿ ಸೊಪ್ಪು ಒಣಗಿತ್ತು. ಊಟದ ಬಾಕಿ ಮುಯ್ಯಿಯಲ್ಲೇ ತೀರಿತು, ಶಾಮಿಯಾನದ್ದು ಮುಂದಿನ ತಿಂಗಳಿಗೆ ಹೋಯ್ತು. ಅಮ್ಮ ಹೊಸ ಪುಸ್ತಕ ತೆಗೆದು ಒಂದೊಂದೇ ಹಾಳೆ ನೋಡ್ತಾ ಬಂದ್ರು. ಶನಿವಾರದ ಹಾಳೆಯಲ್ಲಿ ಕೈ ನಿಂತ್ತು. ನನ್ನ ಕೈಬರಹದಲ್ಲೇ ಇತ್ತು: "ಟೈಲರ್ ಮಗಳು, ಟಿ.ಸಿ. ಪಾಳ್ಯ, 1001."

"ಅಲ್ಲ ಕಣೋ, 501 ತೀರಿಸೋಕೆ ಕರೆದರೆ ಮೇಲೆ ಇದನ್ನೂ ಹೊರಿಸಿ ಹೋಗಿದಾರಲ್ಲೋ" ಅಂದ್ರು ಅಮ್ಮ. ಬೈದ್ರೋ ನಕ್ಕರೋ ಗೊತ್ತಾಗಲಿಲ್ಲ. ಆಮೇಲೆ ಹಳೇ ಹಾಳೆಯನ್ನೂ ಹೊಸ ಹಾಳೆಯನ್ನೂ ಮಡಿಚಿ ಗುರುತು ಇಟ್ಟು, "ಅವರ ಮನೇಲಿ ಯಾವಾಗ ಕಾರ್ಯ ಅಂತ ಸುಮ್ನೆ ವಿಚಾರಿಸ್ಕೊಂಡು ಬಾ. ಕೇಳಿದೆ ಅಂತ ಗೊತ್ತಾಗಬಾರದು" ಅಂದ್ರು.

ನಾಳೆ ಅಮ್ಮನ ಎರಡು ಬ್ಲೌಸ್ ಪೀಸ್ ಹಿಡ್ಕೊಂಡು ಟಿ.ಸಿ. ಪಾಳ್ಯಕ್ಕೆ ಹೋಗಬೇಕು.